ಮುಳ್ಳಯ್ಯನಗಿರಿ ಎತ್ತರದಲ್ಲೊಂದು ಮಿಲಿಟರಿ ಊರು

ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ಗೆ ಬಂದ ಮೊದಲ ರಾತ್ರಿ ನಾವು ಊಟಕ್ಕೆ ಕೂತಾಗ ಹತ್ತೂವರೆ. ಕುಕ್ಕರ್ ಇನ್ನೂ ಸಾಮಾನಿನ ಲಾರಿಯಲ್ಲೇ ಇತ್ತು. ಪಾತ್ರೆಯಲ್ಲೇ ತೊಗರಿಬೇಳೆ ಬೇಯಲು ಇಟ್ಟೆ. ಒಂದು ಗಂಟೆಯಿಂದ ತಳಪಳ ಕುದಿಯುತ್ತಿದೆ, ಬೆರಳಲ್ಲಿ ಹಿಸುಕಿದರೆ ಒಳಗೆ ಕಲ್ಲು! ಕೊನೆಗೆ ಮೊಸರನ್ನ, ಉಪ್ಪಿನಕಾಯಿ. ಡಲ್ಲಾಸ್‌ನಿಂದ ತಂದ ಚಕ್ಕುಲಿ ಪ್ಯಾಕೆಟ್ ಬಲೂನಿನ ಹಾಗೆ ಉಬ್ಬಿ ಕೂತಿತ್ತು. ಊರಿನ ಎತ್ತರ ಅಂದರೆ ಏನು ಅಂತ ನನಗೆ ಮೊದಲು ಹೇಳಿದ್ದು ಅವೆರಡೇ.

ಈ ಊರು ಸುಮಾರು 1,840 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ಅಂದರೆ ಹೆಚ್ಚುಕಮ್ಮಿ ಬೆಟ್ಟದ ತುದಿಯಲ್ಲಿ ಸಂಸಾರ ಹೂಡಿದ ಹಾಗೆ. ಇಲ್ಲಿ ನೀರು 94 ಡಿಗ್ರಿಗೇ ಕುದಿಯುತ್ತದೆ, ಹಾಗಾಗಿ ಎಷ್ಟು ಕುದಿಸಿದರೂ ಬೇಳೆಗೆ ಬೇಕಾದಷ್ಟು ಕಾವು ಸಿಗುವುದಿಲ್ಲ. ನೀವೂ ಇಲ್ಲಿಗೆ ಮನೆ ಬದಲಿಸುವವರಾದರೆ ಕುಕ್ಕರನ್ನು ಲಾರಿಗೆ ಹಾಕಬೇಡಿ, ಕಾರಲ್ಲಿ ನಿಮ್ಮ ಜೊತೆಗೇ ತನ್ನಿ. ಮೂರು ಕೂಗು ಸಾಕಾಗುತ್ತಿದ್ದ ಕಡೆ ನಾನು ಈಗ ಐದು ಕೂಗಿಸುತ್ತೇನೆ.

ಮೈಗೂ ಹೊಂದಿಕೊಳ್ಳಲು ಸಮಯ ಬೇಕು. ಮೊದಲ ಎರಡು ವಾರ ತಲೆನೋವು, ಮೆಟ್ಟಿಲು ಹತ್ತಿದರೆ ಏದುಸಿರು. ಗಾಳಿ ಎಷ್ಟು ಒಣ ಅಂದರೆ ಮಗನಿಗೆ ಬೆಳಿಗ್ಗೆ ಎದ್ದರೆ ಮೂಗಲ್ಲಿ ರಕ್ತ. ಗಾಬರಿಯಾಗಿ ಡಾಕ್ಟರ್ ಹತ್ತಿರ ಓಡಿದೆವು. ಇಲ್ಲಿಗೆ ಹೊಸದಾಗಿ ಬಂದವರಲ್ಲಿ ಇದು ಸಾಮಾನ್ಯ, ರೂಮಿಗೊಂದು ಹ್ಯೂಮಿಡಿಫೈಯರ್ (ಗಾಳಿಗೆ ತೇವ ಕೊಡುವ ಯಂತ್ರ) ಇಡಿ, ನೀರು ಜಾಸ್ತಿ ಕುಡಿಸಿ ಅಂದರು. ಬಂದ ವಾರವೇ ಪಕ್ಕದ ಪೈಕ್ಸ್ ಪೀಕ್ ಶಿಖರ ನೋಡುವ ಆಸೆ ಬೇಡ. ತುದಿತನಕ ಕಾರು ಹೋಗುತ್ತದೆ, ನಿಜ. ಆದರೆ ಅದು 4,302 ಮೀಟರ್. ಅವಸರ ಮಾಡಿದ ನಮ್ಮ ಮನೆಯವರು ಮೇಲೆ ಹೋಗಿ, ಏನೂ ನೋಡದೆ ಬೆಂಚಿನ ಮೇಲೆ ಮಲಗಿದ್ದರು.

ಇನ್ನು ಮಿಲಿಟರಿ. ದಕ್ಷಿಣಕ್ಕೆ ಸೈನ್ಯದ ಫೋರ್ಟ್ ಕಾರ್ಸನ್ ನೆಲೆ, ಉತ್ತರಕ್ಕೆ ಏರ್ ಫೋರ್ಸ್ ಅಕಾಡೆಮಿ, ಪೂರ್ವಕ್ಕೆ ಪೀಟರ್ಸನ್ ಮತ್ತು ಶ್ರೀವರ್ ನೆಲೆಗಳು. ಪಶ್ಚಿಮಕ್ಕೆ ಬೆಟ್ಟಸಾಲು, ಅದರಲ್ಲೂ ಒಂದರ ಹೊಟ್ಟೆ ಕೊರೆದು ಮಾಡಿದ ಶೈಯೆನ್ ಮೌಂಟನ್ ನೆಲೆ. ಇದೆಲ್ಲ ನಮಗೆ ಸಂಬಂಧವಿಲ್ಲ ಅಂದುಕೊಂಡಿದ್ದೆ. ಆದರೆ ಬಾಡಿಗೆ ಮನೆ ಹುಡುಕಲು ಹೊರಟಾಗ ಅದರ ಬಿಸಿ ತಟ್ಟಿತು. ಸೈನಿಕರ ವರ್ಗಾವಣೆ ಹೆಚ್ಚಾಗಿ ಬೇಸಿಗೆಯಲ್ಲಿ, ಮಕ್ಕಳಿಗೆ ಶಾಲೆ ರಜೆ ಇರುವಾಗ. ನಾವು ಬಂದದ್ದೂ ಸರಿಯಾಗಿ ಜೂನ್‌ನಲ್ಲೇ. ಬೆಳಿಗ್ಗೆ ನೋಡಿ ಇಷ್ಟಪಟ್ಟ ಮನೆ ಸಂಜೆಗೆ ಬೇರೆಯವರ ಪಾಲು. ಹೀಗೆ ಮೂರು ಮನೆ ಕೈತಪ್ಪಿದವು. ನಿಮಗೆ ಆಯ್ಕೆ ಇದ್ದರೆ ಚಳಿಗಾಲದಲ್ಲಿ ಹುಡುಕಿ. ಹಿಮಕ್ಕೆ ಹೆದರಬೇಡಿ, ಇಲ್ಲಿನ ಬಿಸಿಲಿಗೆ ಬಹಳಷ್ಟು ಸಲ ಒಂದೆರಡು ದಿನದಲ್ಲಿ ಕರಗಿಬಿಡುತ್ತದೆ.

ಕೆಲಸದ ವಿಚಾರದಲ್ಲಿ ಪೆಟ್ಟು ತಿಂದವಳು ನಾನು. ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ಒಂಬತ್ತು ವರ್ಷದ ಅನುಭವ, ಕೈಯಲ್ಲಿ ಎಚ್-4 ಇಎಡಿ (ಗಂಡನ ವೀಸಾ ಮೇಲೆ ಬಂದ ನನ್ನಂಥವರಿಗೆ ಸಿಗುವ ಕೆಲಸದ ಪರವಾನಗಿ) ಇದೆ, ಊರಲ್ಲಿ ಬೇಕಾದಷ್ಟು ಕಂಪನಿಗಳಿವೆ. ಇನ್ನೇನು ಬೇಕು ಅಂತ ಅರ್ಜಿ ಹಾಕುತ್ತಾ ಹೋದೆ. ಒಂದು ಕಡೆಯಿಂದ ಫೋನ್ ಬಂತು. ಹತ್ತು ನಿಮಿಷ ಚೆನ್ನಾಗಿಯೇ ಮಾತಾಡಿದ ಹೆಂಗಸು, ಕೊನೆಗೆ ‘ನೀವು ಅಮೆರಿಕದ ಪ್ರಜೆಯೇ?’ ಅಂದಳು. ಅಲ್ಲ ಅಂದೆ. ಮಾತು ಅಲ್ಲಿಗೇ ಮುಗಿಯಿತು. ಇಲ್ಲಿನ ಟೆಕ್ ಕೆಲಸಗಳಲ್ಲಿ ತುಂಬಾ ಪಾಲು ರಕ್ಷಣಾ ಇಲಾಖೆಯವು. ಅವಕ್ಕೆ ಸೆಕ್ಯುರಿಟಿ ಕ್ಲಿಯರೆನ್ಸ್, ಅಂದರೆ ಗುಪ್ತ ಮಾಹಿತಿ ನೋಡಲು ಸರ್ಕಾರದ ಅನುಮತಿ ಬೇಕು. ಅದು ಸಿಗಬೇಕಾದರೆ ಪೌರತ್ವವೇ ಬೇಕು, ಗ್ರೀನ್ ಕಾರ್ಡ್ ಕೂಡ ಸಾಲದು. ಗಂಡ ಹೆಂಡತಿಯಲ್ಲಿ ಒಬ್ಬರಿಗೆ ಆಫರ್ ಬಂತು ಅಂತ ಹೊರಡುವ ಮುಂಚೆ ಇನ್ನೊಬ್ಬರ ಗತಿ ಏನು ಅಂತ ಕೂತು ಲೆಕ್ಕ ಹಾಕಿ. ನನಗೆ ಕೊನೆಗೆ ಸಿಕ್ಕಿದ್ದು ಡೆನ್ವರ್‌ನಲ್ಲಿ. ವಾರಕ್ಕೊಂದು ದಿನ ಓಡಾಟ, ಒಂದು ಕಡೆಗೇ ಸುಮಾರು 70 ಮೈಲಿ. ನಡುವೆ ಮಾನ್ಯುಮೆಂಟ್ ಹಿಲ್ ಅಂತ ಒಂದು ಏರು ಇದೆ. ಊರಲ್ಲಿ ಬಿಸಿಲಿದ್ದರೂ ಅಲ್ಲಿ ಹಿಮ ಸುರಿಯುತ್ತಿರುತ್ತದೆ. ಸೆಂಟೆನಿಯಲ್‌ನ ಹಿಂದೂ ದೇವಸ್ಥಾನಕ್ಕೆ ಹೋಗುವ ದಾರಿಯೂ ಅದೇ.

ಕಾರಿಗೆ ಗ್ಯಾರೇಜ್ ಇರುವ ಮನೆಯನ್ನೇ ಹಿಡಿಯಿರಿ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಸಿಡಿಲಿನ ಜೊತೆ ಆಲಿಕಲ್ಲು ಬೀಳುತ್ತದೆ. ನಮ್ಮೂರಲ್ಲಿ ಹೆಕ್ಕಿ ಬಾಯಿಗೆ ಹಾಕಿಕೊಳ್ಳುವ ಆಲಿಕಲ್ಲಲ್ಲ ಇದು. 2018ರ ಆಗಸ್ಟ್‌ನಲ್ಲಿ ಬಿದ್ದ ಕಲ್ಲಿಗೆ ಇಲ್ಲಿನ ಝೂನಲ್ಲಿ ಪ್ರಾಣಿಗಳೇ ಸತ್ತವು. ನಮ್ಮ ಕಾರಿನ ಬಾನೆಟ್ ಮೇಲೆ ಪಡ್ಡಿನ ಕಾವಲಿಯ ಹಾಗೆ ಗುಳಿ ಬಿದ್ದಿವೆ. ಮನೆ ಕೊಳ್ಳುವವರು ಕಾಳ್ಗಿಚ್ಚಿನ ಬಗ್ಗೆಯೂ ವಿಚಾರಿಸಿ. 2012ರ ವಾಲ್ಡೊ ಕ್ಯಾನ್ಯನ್ ಬೆಂಕಿಯಲ್ಲಿ 346 ಮನೆಗಳು ಹೋದವು. ಬೆಟ್ಟಕ್ಕೆ ಅಂಟಿಕೊಂಡ ಮನೆಯ ನೋಟ ಚೆಂದ, ಆದರೆ ಮೊದಲು ಅದರ ವಿಮೆ ಎಷ್ಟಾಗುತ್ತದೆ ಅಂತ ಕೇಳಿ. ರೇಡಾನ್ ಪರೀಕ್ಷೆಯನ್ನೂ ಬಿಡಬೇಡಿ. ನೆಲದಿಂದ ಮೇಲೆ ಬರುವ ಈ ವಿಕಿರಣದ ಅನಿಲ ಈ ಭಾಗದಲ್ಲಿ ಜಾಸ್ತಿ.

ಸದ್ದಿನ ವಿಷಯ ಮರೆತೆ. ನಾವಿರುವುದು ದಕ್ಷಿಣದಲ್ಲಿ. ಫೋರ್ಟ್ ಕಾರ್ಸನ್‌ನಲ್ಲಿ ಫಿರಂಗಿ ಅಭ್ಯಾಸ ನಡೆದರೆ ನಮ್ಮ ಕಿಟಕಿ ಗಡಗಡ ಅನ್ನುತ್ತದೆ. ಮೊದಲ ಸಲ ಗುಡುಗು ಅಂದುಕೊಂಡು ಹೊರಗೆ ಒಣಗಲು ಹಾಕಿದ್ದ ಹಪ್ಪಳ ತೆಗೆಯಲು ಓಡಿದೆ. ಆಕಾಶ ತಿಳಿಯಾಗಿತ್ತು. ಪಕ್ಕದ ಮನೆಯಾಕೆ ನನ್ನ ಓಟ ನೋಡಿ ನಗುತ್ತಾ ನಿಂತಿದ್ದಳು. ಪರಿಚಯ ಆಗಿದ್ದು ಹಾಗೆ. ಅವಳ ಗಂಡ ಸೈನ್ಯದಲ್ಲಿ. ನಾವು ಊರಿಗೆ ಹೋದಾಗ ಒಳಗಿಟ್ಟಿದ್ದ ಕರಿಬೇವಿನ ಗಿಡಕ್ಕೆ ಆರು ವಾರ ನೀರು ಹಾಕಿ ಉಳಿಸಿಕೊಟ್ಟವಳೂ ಅವಳೇ. ಹೋದ ತಿಂಗಳು ಗೇಟಿನ ಹತ್ತಿರ ನಿಂತು ‘ಆರ್ಡರ್ಸ್ ಬಂತು’ ಅಂದಳು. ಈ ಸಲ ಹವಾಯಿಯಂತೆ. ಅಲ್ಲಿ ಇದು ಯಾತಕ್ಕೆ ಅಂತ ಹಿಮ ಎತ್ತುವ ಸಲಿಕೆಯನ್ನು ನಮ್ಮ ಗ್ಯಾರೇಜಿನ ಗೋಡೆಗೆ ಒರಗಿಸಿ ಹೋದಳು.