ಕಪ್ಪು ಗಾಡಿಯ ಜೇಡರಬಲೆ ಬಿಡಿಸಿದ್ದು: ನನ್ನ ಅನುಭವ

"ಬಿಳಿ ಗಾಡಿ ಹತ್ತು ಒಪ್ಕೋ, ಕಪ್ಪು ಒಂದೂ ಒಪ್ಕೋಬೇಡ." ದಾವಣಗೆರೆಯಲ್ಲಿ ಕಾರು ತೊಳೆದು ಪಾಲಿಶ್ ಮಾಡುವ ಶೆಡ್ ಹಾಕಿದ ದಿನವೇ ನನಗೆ ಸಿಕ್ಕ ಬುದ್ಧಿಮಾತು ಇದು. ಎರಡು ವರ್ಷ ಅದನ್ನೇ ಪಾಲಿಸಿದೆ. ಕಪ್ಪು ಗಾಡಿ ಬಂದರೆ ತೊಳೆದು, ವ್ಯಾಕ್ಸ್ ಬಳಿದು ಕಳಿಸಿಬಿಡುತ್ತಿದ್ದೆ. ಪಕ್ಕದ ಶೆಡ್ಡಿನ ಪೇಂಟರ್ ಭಾಯ್ ಅಂತೂ ನನ್ನ ಡಿಎ ಮೆಷಿನ್ (ಅಲುಗಾಡುತ್ತಾ ತಿರುಗುವ ಪಾಲಿಶ್ ಮೆಷಿನ್) ಕಂಡಾಗಲೆಲ್ಲ "ಇದ್ರಾಗೆ ಮಜ್ಜಿಗೆ ಕಡೀಬೌದು ಕಣಣ್ಣ, ಸ್ವರ್ಲ್ ಹೋಗಲ್ಲ" ಅಂತ ನಗುತ್ತಿದ್ದರು. ಸ್ವರ್ಲ್ ಅಂದರೆ ಪೇಂಟಿನ ಮೇಲೆ ಸುತ್ತುಸುತ್ತಾಗಿ ಕಾಣುವ ಸಣ್ಣ ಗೀರು. ಈಗ ಅವರೇ ಪೇಂಟ್ ಮಾಡಿದ ಕಪ್ಪು ಗಾಡಿಗಳು ಫಿನಿಶಿಂಗಿಗೆ ನನ್ನ ಹತ್ತಿರ ಬರುತ್ತವೆ. ಸ್ವಲ್ಪ ಜಂಬ ಅನ್ನಿಸಿದರೂ ಪರವಾಗಿಲ್ಲ, ಹೇಳಿಯೇ ಮುಂದೆ ಹೋಗುತ್ತೇನೆ.

ಇದಕ್ಕೆಲ್ಲ ಕಾರಣವಾದ ಕಪ್ಪು ಗಾಡಿ ಚನ್ನಗಿರಿ ಕಡೆಯ ಅಡಿಕೆ ಮಂಡಿ ಸಾಹುಕಾರರದ್ದು. ಜಪಾನಿ ಕಂಪನಿಯ ಸೆಡಾನ್, ಆರೇಳು ವರ್ಷ ಹಳೆಯದು. ಡ್ರೈವರ್ ನಿಯತ್ತಿನ ಮನುಷ್ಯ, ದಿನಾ ಬೆಳಿಗ್ಗೆ ಎದ್ದು ಹಳೇ ಬನಿಯನ್ನಿನಲ್ಲಿ ಒಣ ಧೂಳು ಒರೆಸುತ್ತಿದ್ದ. ಬಿಸಿಲಿಗೆ ನಿಲ್ಲಿಸಿದರೆ ಸೂರ್ಯನ ಸುತ್ತ ಜೇಡ ಬಲೆ ನೇಯ್ದ ಹಾಗೆ ಕಾಣುತ್ತಿತ್ತು. ಅದರ ಮೇಲೆ ಬೋರ್ ನೀರಿನ ಬಿಳಿ ಕಲೆ. ಆಯುಧಪೂಜೆಗೆ ಬಾನೆಟ್ಟಿಗೆ ಎಳೆದ ವಿಭೂತಿಯನ್ನು ಒಣಗಿದ ಮೇಲೆ ತಿಕ್ಕಿ ತೆಗೆದಿದ್ದರು. ಮೂರು ಬೆರಳಿನ ಅಚ್ಚು ಹಾಗೇ ಕೂತಿತ್ತು. ಹೂವಿನ ಹಾರದ ತಂತಿ ಗೀರಿದ್ದು ಬೇರೆ.

ಮೊದಲ ಸಲ ಎಲ್ಲರಂತೆ ರೋಟರಿ (ಒಂದೇ ಸಮ ಗಿರಗಿರ ಸುತ್ತುವ ಮೆಷಿನ್), ಉಲ್ಲನ್ ಪ್ಯಾಡ್, ಹೆವಿ ಕಟ್ ಕಾಂಪೌಂಡ್, ಅಂದರೆ ಜೋರಾಗಿ ಉಜ್ಜುವ ಪೇಸ್ಟ್. ರಾತ್ರಿ ಟ್ಯೂಬ್‌ಲೈಟಿನಲ್ಲಿ ಮೀಸೆ ತಿರುವಿಕೊಳ್ಳುವಷ್ಟು ಹೊಳಪು. 5,500 ತಗೊಂಡು ಗಾಡಿ ಕೊಟ್ಟೆ. ಮರುದಿನ ಹನ್ನೊಂದು ಗಂಟೆಗೆ ಫೋನ್: "ಏನಪ್ಪಾ, ಬಿಸ್ಲಿಗೆ ನಿಲ್ಸಿದ್ರೆ ಗಾಡಿ ಮೇಲೆ ಹಾವು ಹರಿದಂಗೆ ಕಾಣ್ತೈತಲ್ಲ?" ಹೊಲೊಗ್ರಾಮ್, ಅಂದರೆ ರೋಟರಿ ಬಿಟ್ಟುಹೋದ ಗೆರೆಗುರುತು. ದುಡ್ಡು ವಾಪಸ್ ಕೊಟ್ಟೆ. ಹಿಂದಿನ ಬಂಪರ್ ಮೂಲೆಯಲ್ಲಿ ಟೇಪ್ ಹಾಕದೆ ರೋಟರಿ ಓಡಿಸಿ ಪ್ರೈಮರ್ ಕಾಣುವ ತನಕ ಉಜ್ಜಿದ್ದೆ. ಅದರ ಪೇಂಟಿಗೆ ಭಾಯ್ 3,500 ತಗೊಂಡರು, ನಗು ಫ್ರೀ.

ಸಾಹುಕಾರರು ದೊಡ್ಡವರು. "ಕಲಿತ್ಕೋ, ಗಾಡಿ ಎಲ್ಲಿಗೂ ಹೋಗಲ್ಲ" ಅಂದರು.

ಬೆಂಗಳೂರಿನಲ್ಲಿ ಎರಡು ದಿನದ ಟ್ರೇನಿಂಗಿಗೆ ಹೆಚ್ಚುಕಡಿಮೆ 15,000 ಕಟ್ಟಿದೆ. ಕಪ್ಪು ಡೆಮೊ ಬಾನೆಟ್ ಮೇಲೆ ಕನ್ನಡಿ ತೋರಿಸಿದರು, ನಾನೂ ಚಪ್ಪಾಳೆ ತಟ್ಟಿದೆ. ಅದೇ ಬಾಟಲಿ ತಂದು ಶೆಡ್ಡಿನಲ್ಲಿ ಹಚ್ಚಿ, ಐಪಿಎ (ಎಣ್ಣೆ, ಜಿಡ್ಡು ತೆಗೆಯುವ ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಒರೆಸಿದರೆ ಸ್ವರ್ಲೆಲ್ಲ ಎದ್ದು ಬಂತು. ಬರೀ ಫಿಲ್ಲರ್! ಗೀರನ್ನು ತೆಗೆಯುವುದಿಲ್ಲ, ತುಂಬಿ ಮುಚ್ಚುತ್ತದೆ. ನಾಲ್ಕು ವಾಷಿಗೆ ಬಣ್ಣ ಬಯಲು.

ಗುಜರಿಯಿಂದ 1,200 ಕೊಟ್ಟು ಒಂದು ಕಪ್ಪು ಬಾನೆಟ್ ತಂದು ಟೇಪಿನಲ್ಲಿ ಹನ್ನೆರಡು ಮನೆ ಮಾಡಿದೆ, ಚೌಕಾಬಾರದ ಹಾಗೆ. ಡಿಎ ಜೊತೆ ಮೈಕ್ರೋಫೈಬರ್ ಪ್ಯಾಡ್, ಗಟ್ಟಿ ಫೋಮ್, ಮೆದು ಫೋಮ್, ಮೂರು ಕಂಪನಿಯ ಕಾಂಪೌಂಡ್, ಎಲ್ಲ ನೋಡಿದೆ. ಕುತೂಹಲಕ್ಕೆ ಟೂತ್‌ಪೇಸ್ಟೂ ಹಾಕಿದೆ: ಗೀರು ತುಸು ತಗ್ಗಿತು, ಬದಲಿಗೆ ಮಂಜು ಕವಿಯಿತು. ಕೊಬ್ಬರಿ ಎಣ್ಣೆ ಸವರಿದ ಮನೆ ಎಲ್ಲಕ್ಕಿಂತ ಚೆನ್ನಾಗಿ ಹೊಳೆಯಿತು, ಸಂಜೆಯೊಳಗೆ ಊರ ಧೂಳೆಲ್ಲ ಅಲ್ಲಿಗೇ ಬಂತು. ಡೀಸೆಲ್ ಒರೆಸುವ ಲಾರಿಯವರ ಕತೆಯೂ ಅಷ್ಟೇ. ಉಪಯೋಗಕ್ಕೆ ಬಂದದ್ದು ವಿನೆಗರ್. ಅರ್ಧಕ್ಕರ್ಧ ನೀರು ಬೆರೆಸಿ ನೆರಳಲ್ಲಿ ಎರಡು ನಿಮಿಷ ಇಟ್ಟು ತೊಳೆದರೆ ಬೋರ್ ನೀರಿನ ಮೇಲ್ಕಲೆ ಕರಗುತ್ತದೆ. ಕ್ಲಿಯರ್ ಕೋಟನ್ನೇ (ಬಣ್ಣದ ಮೇಲಿನ ಪಾರದರ್ಶಕ ಪದರ) ತಿಂದು ಇಳಿದ ಕಲೆಗೆ ಅದೂ ಸಾಲದು, ಮೆಷಿನ್ನೇ ಬೇಕು.

ಇಷ್ಟೆಲ್ಲ ಆದರೂ ಕೊನೆಗೆ ಸಣ್ಣ ಮಂಜು, ಕೂದಲೆಳೆ ಗೀರು ಉಳಿಯುತ್ತಿದ್ದವು. ಪಾಲಿಶ್ ಬದಲಿಸಿದೆ, ಪ್ಯಾಡ್ ಬದಲಿಸಿದೆ, ಸ್ಪೀಡ್ ಇಳಿಸಿದೆ. ಏಪ್ರಿಲ್ ತಿಂಗಳು, ತಗಡಿನ ಶೆಡ್ಡು, ಕಾಂಪೌಂಡ್ ಒಂದೇ ನಿಮಿಷಕ್ಕೆ ಹಿಟ್ಟಾಗುತ್ತಿತ್ತು. ಅದಕ್ಕೇ ರಾತ್ರಿ ಪಾಳಿ ಶುರುಮಾಡಿದೆ.

ಹಾಗೊಂದು ರಾತ್ರಿ ಸಾಹುಕಾರರ ಗಾಡಿಯ ಬಲಗಡೆ ಡೋರ್ ಮಾಡುವಾಗ ಕರೆಂಟ್ ಹೋಯಿತು. ಪಾಲಿಶ್ ಒಣಗಿ ಹಿಡಿದುಕೊಂಡರೆ ಕಷ್ಟ ಅಂತ ಒಂದು ಮಗ್ ಶಾಂಪೂ ನೀರು ಸುರಿದೆ, ಮೇಲೆ ಒಳ್ಳೆ ನೀರು ಬಿಟ್ಟೆ, ಒರೆಸಲಿಲ್ಲ. ನೀರಿಳಿದ ಮೇಲೆ ಟಾರ್ಚ್ ಹಿಡಿದರೆ ಆ ಒಂದೂವರೆ ಅಡಿ ಜಾಗ ಬಾವಿ ನೀರಿನ ಹಾಗೆ ನಿಚ್ಚಳ. ಅದಕ್ಕೆ ತಾಗಿ ಆಗಲೇ ಟವೆಲ್ಲಿನಲ್ಲಿ ಒರೆಸಿದ್ದ ಭಾಗದಲ್ಲಿ ಅದೇ ಮಂಜು, ಅದೇ ಕೂದಲೆಳೆ. ಮೆಷಿನ್ ಒಂದೇ, ಪ್ಯಾಡ್ ಒಂದೇ, ಪಾಲಿಶ್ ಒಂದೇ. ಅಲ್ಲೇ ಬಕೆಟ್ ಬೋರಲು ಹಾಕಿ ಕೂತೆ. ಮೂರು ತಿಂಗಳಿಂದ ಮೆಷಿನ್ನಿನಲ್ಲಿ ತೆಗೆದದ್ದನ್ನು ಟವೆಲ್ಲಿನಲ್ಲಿ ನಾನೇ ವಾಪಸ್ ಹಾಕುತ್ತಿದ್ದೆ! ಆ ಟವೆಲ್‌ಗಳು ಮನೆಯ ವಾಷಿಂಗ್ ಮೆಷಿನ್ನಿನಲ್ಲಿ ಮಗನ ಯೂನಿಫಾರ್ಮ್ ಜೊತೆ ತಿರುಗಿ, ತಾರಸಿ ಬಿಸಿಲಿಗೆ ಒಣಗಿ ಹಪ್ಪಳವಾಗಿದ್ದವು. ಮೆದು ಕ್ಲಿಯರ್ ಕೋಟಿಗೆ ಅಷ್ಟೇ ಸಾಕು. ಬಿಳಿ ಗಾಡಿಯಲ್ಲಿ ಇದು ಕಾಣುವುದೇ ಇಲ್ಲ, ಅದಕ್ಕೇ ಅಷ್ಟು ದಿನ ಗೊತ್ತಾಗಿರಲಿಲ್ಲ.

ಅಲ್ಲಿಂದ ಮುಂದೆ ಮಾಡಿದ್ದು ಹೀಗೆ. ಕ್ಲೇ ಮಾಡಿ (ಜೇಡಿಮಣ್ಣಿನಂಥ ಮುದ್ದೆ ಉಜ್ಜಿ ಅಂಟಿದ ಕೊಳೆ ತೆಗೆದು), ಅಂಚಿಗೆಲ್ಲ ಟೇಪ್. ಪೇಂಟಿನ ದಪ್ಪ ಅಳೆಯುವ ಗೇಜ್ ಬಾನೆಟ್ಟಿನಲ್ಲಿ 110 ಮೈಕ್ರಾನ್ ಆಸುಪಾಸು ತೋರಿಸಿತು. ಎಡ ಹಿಂಬಾಗಿಲು 230 ದಾಟಿತು, ಅಂದರೆ ಯಾವಾಗಲೋ ರೀಪೇಂಟ್ ಆಗಿದೆ, ಸಾಹುಕಾರರಿಗೇ ಗೊತ್ತಿರಲಿಲ್ಲ. ಹೆವಿ ಕಟ್ ಕಪಾಟಿಗೆ ಹೋಯಿತು. ಮೀಡಿಯಂ ಪಾಲಿಶ್, ಮೆದು ಫೋಮ್, ಕಡಲೆಕಾಳಿನಷ್ಟು ಮೂರು ಬೊಟ್ಟು. ಸ್ಪೀಡ್ ನಾಲ್ಕು, ಮೊದಲ ಎರಡು ಪಾಸಿಗೆ ಕೈಯೊತ್ತು, ಆಮೇಲಿನ ಎರಡಕ್ಕೆ ಮೆಷಿನ್ ಭಾರ ಮಾತ್ರ. ಒಂದು ಪ್ಯಾನಲಿಗೆ ಒಂದು ಪ್ಯಾಡ್. ಒಂದೇ ಪ್ಯಾಡಿನಲ್ಲಿ ಇಡೀ ಗಾಡಿ ಮುಗಿಸುವವರು ಬಿಳಿ ಗಾಡಿಯನ್ನೇ ಮಾಡಿಕೊಂಡಿರಲಿ. ನಂತರ ಫಿನಿಶಿಂಗ್ ಪಾಲಿಶ್, ಸ್ಪೀಡ್ ಮೂರು.

ಒರೆಸುವ ಮುಂಚೆ ಪ್ಯಾನಲ್ ಪೂರ್ತಿ ತಣ್ಣಗಾಗಬೇಕು. ಆಮೇಲೆ ಧಾರಾಳ ಸ್ಪ್ರೇ: ನೀರು, ಸ್ವಲ್ಪ ಐಪಿಎ, ಒಂದೆರಡು ಹನಿ ಶಾಂಪೂ, ಜೊತೆಗೆ ಇನ್ನೊಂದು. ಆ ಇನ್ನೊಂದನ್ನು ಹೇಳುವುದಿಲ್ಲ, ಅದನ್ನು ಹುಡುಕುವುದಕ್ಕೇ ಏಳೆಂಟು ಸಾವಿರ ಹೋಗಿದೆ. ಟವೆಲ್ ಹೊಸದು, ಅಂಚಿಗೆ ಹೊಲಿಗೆ ಇಲ್ಲದ್ದು. ಒತ್ತುವಂತಿಲ್ಲ, ಅದರ ಭಾರಕ್ಕೇ ಎಳೆದುಕೊಂಡು ಬರಬೇಕು, ಮಗುವಿನ ಮೂಗು ಒರೆಸುವ ಹಾಗೆ. ಟವೆಲ್ ಹೇಗೆ ತೊಳೆಯುತ್ತೇನೆ ಅನ್ನುವುದೂ ನನ್ನ ಹತ್ತಿರವೇ ಇರಲಿ.

ಎರಡು ರಾತ್ರಿ, ಒಟ್ಟು ಹದಿಮೂರು ತಾಸು. ಗೇಜಿನಲ್ಲಿ ಇಳಿದದ್ದು ಎರಡು ಮೈಕ್ರಾನ್ ಇರಬೇಕು. ಆಳದ ಗೀರು ಆರೇಳು ಬಿಟ್ಟೆ, ಅದನ್ನು ತೆಗೆಯಲು ಹೋದರೆ ಕ್ಲಿಯರ್ ಕೋಟ್ ಉಳಿಯುವುದಿಲ್ಲ. ಬೆಳಿಗ್ಗೆ ಬಿಸಿಲಿಗೆ ತಳ್ಳಿದಾಗ ಸೂರ್ಯ ಒಂದೇ ಚುಕ್ಕೆಯಾಗಿ ಕೂತಿದ್ದ. ಭಾಯ್ ಬಂದು ಐಪಿಎ ಕೇಳಿ, ತಾವೇ ಒರೆಸಿ ನೋಡಿ, ಏನೂ ಮಾತಾಡದೆ ಟೀ ತರಿಸಿದರು.

ಪ್ಯಾಡು, ಗೇಜು, ಟ್ರೇನಿಂಗು, ದಂಡ ಎಲ್ಲ ಸೇರಿ ಅರವತ್ತು ಸಾವಿರದ ಹತ್ತಿರ ಹೋಗಿತ್ತು. ಸಾಹುಕಾರರು ಕೊಟ್ಟದ್ದು 8,000 ಮತ್ತು ಒಂದು ಚೀಲ ಹಲಸಿನ ಹಣ್ಣು. ಅವರ ಕಡೆಯಿಂದ ಬಂದ ಕಪ್ಪು ಗಾಡಿಗಳು ಈವರೆಗೆ ಹದಿನಾಲ್ಕೋ ಹದಿನೈದೋ, ಈಗಿನ ರೇಟ್ 11,000.

ಡ್ರೈವರ್ ಕೈಯಿಂದ ಆ ಬನಿಯನ್ ಕಿತ್ತುಕೊಂಡು ಎರಡು ಬಕೆಟ್, ಮೂರು ಮೈಕ್ರೋಫೈಬರ್ ಕೊಟ್ಟು ಕಳಿಸಿದ್ದೆ. ಮೂರು ತಿಂಗಳು ಬಿಟ್ಟು ಗಾಡಿ ಬಂದಾಗ ಎಡ ಫೆಂಡರ್ ಮೇಲೆ ನಾಲ್ಕೈದು ಹೊಸ ಗೆರೆ ಕಂಡವು. ಡಿಕ್ಕಿ ತೆರೆದರೆ ಮೂಲೆಯಲ್ಲಿ ಇನ್ನೊಂದು ಬನಿಯನ್. "ಅದು ಬರೀ ಗ್ಲಾಸಿಗೆ ಅಣ್ಣಾ" ಅಂದ.