ಮಳೆಗಾಲದ ಒಗ್ಯಾಣ: ಹುಬ್ಬಳ್ಳಿ-ಧಾರವಾಡಕ್ಕೆ ಹೊಸದಾಗಿ ಬಂದ ಮನೆಯವರಿಗೆ

ವರ್ಗಾವಣೆ ಆದೇಶ ಕೈಗೆ ಬರುವುದು ಬೇಸಿಗೆಯಲ್ಲಿ, ಮಕ್ಕಳ ಶಾಲೆ ಶುರುವಾಗುವುದು ಜೂನ್ ಹೊತ್ತಿಗೆ. ಹೀಗಾಗಿ ಬಳ್ಳಾರಿ, ರಾಯಚೂರು, ಕಲಬುರಗಿ, ವಿಜಯಪುರದ ಕಡೆಯಿಂದ ಬರುವ ಬಹಳಷ್ಟು ಮನೆಯವರು ಇಲ್ಲಿ ಸಾಮಾನು ಇಳಿಸುವ ಹೊತ್ತಿಗೆ ಮಿರಗದ ಮಳೆ ಹಿಡಿದಿರುತ್ತದೆ. ಬ್ಯಾಂಕು, ರೈಲ್ವೆ, ಹೈಕೋರ್ಟ್ ಪೀಠ, ವಿಶ್ವವಿದ್ಯಾಲಯ, ಯಾವ ಕೆಲಸದ ಮೇಲೆ ಬಂದಿದ್ದರೂ ಜುಲೈನಲ್ಲಿ ನಮ್ಮ ಸಂಘಕ್ಕೆ ಬಂದು ಹೇಳುವ ಮಾತು ಒಂದೇ: "ಏನ್ ಮಾಡಿದ್ರೂ ಅರಿವಿ ಒಣಗವಲ್ವು ನೋಡ್ರಿ."

ನಿಮ್ಮೂರಲ್ಲಿ ಮಳೆ ಬಂದು ಹೋಗುತ್ತದೆ, ಹಿಂದೆಯೇ ಬಿಸಿಲು. ಧಾರವಾಡದ್ದು ಬೇರೆ ಲೆಕ್ಕ. ಮಲೆನಾಡಿನ ಸೆರಗು ಇಲ್ಲಿಂದಲೇ ಶುರು. ಪುನರ್ವಸು, ಪುಷ್ಯ ಮಳೆಗಳ ಹೊತ್ತಿಗೆ, ಅಂದರೆ ಜುಲೈ ಮೊದಲ ವಾರದಿಂದ ಆಗಸ್ಟ್ ಮೊದಲ ದಿನಗಳವರೆಗೆ, ದೊಡ್ಡ ಮಳೆ ಇರಲಿ ಬಿಡಲಿ, ಜಿಟಿಜಿಟಿ ಮಾತ್ರ ಬಿಡುವುದಿಲ್ಲ. ಇಪ್ಪತ್ತು ಕಿಲೋಮೀಟರ್ ಆಚೆ ಹುಬ್ಬಳ್ಳಿಯಲ್ಲಿ ಸ್ವಲ್ಪ ಕಡಿಮೆ, ನವಲಗುಂದ ದಾಟಿದರೆ ಇನ್ನೂ ಕಡಿಮೆ. ಗದಗಿನ ಗಾಳಿಗೆ ಅರ್ಧ ದಿನದಲ್ಲಿ ಬಟ್ಟೆ ಒಣಗಿಸಿ ರೂಢಿಯಾದವರಿಗೂ ಇದು ಹೊಸದೇ. ಇದೊಂದಕ್ಕೇ ಕರೆಂಟಿನ ಡ್ರೈಯರ್ ಮಷಿನ್ ಕೊಳ್ಳಬೇಕೇ ಎಂದು ಕೇಳುತ್ತಾರೆ. ಎರಡು ತಿಂಗಳ ತಾಪತ್ರಯಕ್ಕೆ ಅಷ್ಟು ದುಡ್ಡು ಸುರಿಯುವುದು ಬೇಡ ಎಂದೇ ನಮ್ಮ ಅಭಿಪ್ರಾಯ.

ಹಗ್ಗಕ್ಕೆ ಹಾಕುವ ಮೊದಲೇ

ಅರ್ಧ ಕೆಲಸ ಮುಗಿಯಬೇಕಾದ್ದು ಬಚ್ಚಲಲ್ಲಿ. ಐದು ಕೆಜಿ ಬಟ್ಟೆ ಒಗೆದು ಮಷಿನ್ನಿನಲ್ಲಿ ಸ್ಪಿನ್ ಮಾಡಿದ ಮೇಲೂ ಅದರಲ್ಲಿ ಎರಡು-ಮೂರು ಲೀಟರ್ ನೀರು ಉಳಿದಿರುತ್ತದೆ. ಕೈಯಲ್ಲಿ ಹಿಂಡಿದ್ದಾದರೆ ಇನ್ನೂ ಹೆಚ್ಚು. ಆ ನೀರೆಲ್ಲ ಆವಿಯಾಗಿ ನಿಮ್ಮ ಮನೆಯ ಗಾಳಿಗೇ ಸೇರಬೇಕು. ಒಂದು ಲೀಟರ್ ನೀರು ಆವಿಯಾಗಲು ಹೆಚ್ಚುಕಡಿಮೆ 0.7 ಯುನಿಟ್ ಕರೆಂಟಿನಷ್ಟು ಶಾಖ ಬೇಕು. ಅದೇ ನೀರನ್ನು ಸ್ಪಿನ್ ಮಾಡಿ ತೆಗೆದರೆ ಸುಡುವ ಕರೆಂಟು ಲೆಕ್ಕಕ್ಕೇ ಬಾರದು. ಆದ್ದರಿಂದ ಮಷಿನ್ ನಿಂತ ಮೇಲೆ ಬಟ್ಟೆಯನ್ನು ಬಿಡಿಸಿ, ಜಾಡಿಸಿ, ಮತ್ತೆ ಹಾಕಿ ಇನ್ನೊಂದು ಸಲ ಸ್ಪಿನ್ ಮಾಡಿ. ಎರಡನೇ ಸಲ ಪೈಪಿನಿಂದ ಬೀಳುವ ನೀರನ್ನು ಒಮ್ಮೆ ಬಕೆಟ್ ಇಟ್ಟು ಹಿಡಿದು ನೋಡಿ, ಆಮೇಲೆ ಯಾರೂ ಹೇಳಬೇಕಾಗುವುದಿಲ್ಲ. ಮಷಿನ್ ಇಲ್ಲದವರು ಒದ್ದೆ ಬಟ್ಟೆಯನ್ನು ಒಣ ಟಾವೆಲ್ ಮೇಲೆ ಹಾಸಿ, ಎರಡನ್ನೂ ಸೇರಿಸಿ ಸುರುಳಿ ಸುತ್ತಿ ಗಟ್ಟಿಯಾಗಿ ತಿರುವಿದರೂ ಬಹಳ ನೀರು ಟಾವೆಲ್ಲಿಗೆ ಬರುತ್ತದೆ. ಮಕ್ಕಳ ಯೂನಿಫಾರ್ಮಿಗೆ ಈ ಉಪಾಯ ಚೆನ್ನ.

ಇಲ್ಲಿ ಇನ್ನೊಂದು ತೊಡಕಿದೆ. ಅವಳಿ ನಗರಕ್ಕೆ ಕುಡಿಯುವ ನೀರು ಮುಖ್ಯವಾಗಿ ಬರುವುದು ಸವದತ್ತಿಯ ಮಲಪ್ರಭಾ ಜಲಾಶಯದಿಂದ. ಕೆಲವು ವಾರ್ಡುಗಳಲ್ಲಿ ಇಪ್ಪತ್ನಾಲ್ಕು ತಾಸೂ ನೀರಿದೆ, ಉಳಿದೆಡೆ ನಳ ಬರುವ ದಿನ ಕಾಯಬೇಕು. ನಳ ಬಂದ ದಿನ ಮನೆಯ ಬಟ್ಟೆಯನ್ನೆಲ್ಲ ಒಗೆದು ಗುಡ್ಡೆ ಹಾಕುವುದು ಊರವರೆಲ್ಲರ ಚಾಳಿ. ಬೇಸಿಗೆಗೆ ಅದು ಸರಿ. ಮಳೆಗಾಲದಲ್ಲಿ ಒಂದೇ ದಿನ ಮೂವತ್ತು-ನಲವತ್ತು ಬಟ್ಟೆ ಒಳಗೆ ತೂಗುಹಾಕಿದರೆ ಒಂದೂ ಒಣಗದು. ಅವತ್ತು ಬ್ಯಾರಲ್ಲು, ಟಾಕಿ ತುಂಬಿಸಿಕೊಳ್ಳಿ. ಒಗೆಯುವುದನ್ನು ಮಾತ್ರ ದಿನಕ್ಕೆ ಏಳೆಂಟು ಬಟ್ಟೆಯಂತೆ ಹಂಚಿಕೊಳ್ಳಿ. ಬೋರ್ ನೀರಿನಲ್ಲಿ ಒಗೆಯುವವರು ಒಂದು ನೀರು ಹೆಚ್ಚು ಅಲುಬಿ. ಗಡಸು ನೀರಿನಲ್ಲಿ ಸೋಪು ಬಟ್ಟೆಯಲ್ಲೇ ಕೂತು, ಒಣಗಿದ ಟಾವೆಲ್ ಹಪ್ಪಳದಂತಾಗುತ್ತದೆ.

ಗಾಳಿ ಎಲ್ಲಿಂದ ಬಂದು ಎಲ್ಲಿ ಹೋಗಬೇಕು

ಹೊರಗೇ ಅಷ್ಟು ಥಂಡಿ ಇರುವಾಗ ಕಿಟಕಿ ತೆರೆದರೆ ಏನು ಬಂತು ಎಂದು ಎಲ್ಲ ಮುಚ್ಚಿ ಕೂರುವವರಿದ್ದಾರೆ. ಲೆಕ್ಕ ಹಾಗಿಲ್ಲ. ಹೊರಗೆ 22 ಡಿಗ್ರಿ, ತೇವಾಂಶ ಶೇ 90 ಇದ್ದರೂ ಅದೇ ಗಾಳಿ ಒಳಗೆ ಬಂದು 26 ಡಿಗ್ರಿಗೆ ಬೆಚ್ಚಗಾದರೆ ಅದರ ತೇವಾಂಶ ಶೇ 70ರ ಆಸುಪಾಸಿಗೆ ಇಳಿಯುತ್ತದೆ. ಒದ್ದೆ ಬಟ್ಟೆ ತುಂಬಿದ, ಮುಚ್ಚಿದ ಕೋಣೆಯ ಗಾಳಿಗಿಂತ ಅದು ಎಷ್ಟೋ ವಾಸಿ. ಮಳೆಗಾಳಿ ಇಲ್ಲಿ ಬೀಸುವುದು ಪಡುವಣ, ನೈಋತ್ಯದಿಂದ. ಆ ಕಡೆಯ ಕಿಟಕಿಯನ್ನು ಇರಚಲು ಹೊಡೆಯದಂತೆ ನಾಲ್ಕು ಬೆರಳಷ್ಟು ತೆರೆದು, ಮೂಡಣ ಕಡೆಯದ್ದನ್ನು ಪೂರ್ತಿ ತೆರೆಯಿರಿ. ಹಸಿ ಗಾಳಿ ಆ ಕಡೆಯಿಂದ ಹೊರಗೆ ಹೋಗುತ್ತದೆ.

ಹಳೆಯ ಧಾರವಾಡದ ಮನೆಗಳಲ್ಲಿ ಪಡಸಾಲೆಯ ಜಂತಿಗೆ ಹಗ್ಗ ಕಟ್ಟಿ ಬಿದಿರಿನ ಗಳ ತೂಗುಬಿಡುತ್ತಿದ್ದರು. ಮಡಿಬಟ್ಟೆಯನ್ನು ಯಾರ ಕೈಗೂ ತಾಗದಂತೆ ಕೋಲಿನಿಂದ ಅದರ ಮೇಲೆ ಏರಿಸುವುದು ಪದ್ಧತಿ. ಮಾಡಿದ್ದು ಮಡಿಗಾಗಿಯಾದರೂ ಜಾಗ ಸರಿಯಾದದ್ದೇ: ಬೆಚ್ಚಗಿನ ಗಾಳಿ ಮೇಲೇರುತ್ತದೆ, ಹಂಚಿನ ಸಂದಿಯಿಂದ ಹಸಿ ಹೊರಬೀಳುತ್ತದೆ. ಈಗಿನ ಆರ್‌ಸಿಸಿ ಮನೆಯಲ್ಲಿ ಆ ಸಂದಿ ಇಲ್ಲ, ಅದಕ್ಕೇ ಫ್ಯಾನು ಬೇಕು. ರಾಟೆಯಿಂದ ಏರಿಳಿಸುವ ಸ್ಟೀಲಿನ ಸರಳುಗಳು ಈಗ ಎಲ್ಲೆಡೆ ಸಿಗುತ್ತವೆ. ಬಾಡಿಗೆ ಮನೆಯಾದರೆ ಮೊಳೆ ಹೊಡೆಯುವ ಮೊದಲು ಮಾಲೀಕರನ್ನು ಕೇಳಿ, ಇಲ್ಲವೇ ಮಡಚುವ ಸ್ಟ್ಯಾಂಡ್ ತನ್ನಿ.

ಸ್ಟ್ಯಾಂಡನ್ನು ಫ್ಯಾನಿನ ನಟ್ಟನಡುವೆ ಇಡಬೇಡಿ. ಸರಿಯಾಗಿ ಮೋಟರಿನ ಕೆಳಗೆ ಗಾಳಿ ಕಡಿಮೆ, ರಭಸ ಇರುವುದು ರೆಕ್ಕೆಗಳ ಕೆಳಗೆ. ಜೀನ್ಸ್, ಟಾವೆಲ್ಲಿನಂಥ ದಪ್ಪದ್ದು ಅಲ್ಲಿ ಬರಲಿ. ಬನಿಯನ್, ಕುಪ್ಪಸ ಎಲ್ಲಾದರೂ ಒಣಗುತ್ತವೆ. ಜೀನ್ಸಿನ ಒಳಮೈ ಹೊರಗೆ ಮಾಡಿ, ಜೇಬು ಹೊರಗೆಳೆದು, ಸೊಂಟದ ಎರಡು ಕಡೆ ಕ್ಲಿಪ್ ಹಾಕಿ ಕೊಳವೆಯಂತೆ ತೆರೆದಿಡಿ. ಶರ್ಟು ಹ್ಯಾಂಗರಿಗೆ. ಸೀರೆಯನ್ನು ಎಂಟು ಮಡಿಕೆ ಮಾಡಿ ಇಳಿಬಿಟ್ಟರೆ ಒಳಮಡಿಕೆ ಎರಡು ದಿನ ಹಸಿಯೇ. ಎರಡು ಸರಳಿನ ಮೇಲೆ ಹಾಯಿಸಿ ಅಗಲ ಮಾಡಿ. ಬಟ್ಟೆಯಿಂದ ಬಟ್ಟೆಗೆ ನಾಲ್ಕು ಬೆರಳು ಜಾಗ ಬಿಡಿ, ಅರ್ಧ ದಿನಕ್ಕೊಮ್ಮೆ ತಿರುಗಿಸಿ ಹಾಕಿ. ಹಳೆಯ 75 ವ್ಯಾಟ್ ಫ್ಯಾನು ಹತ್ತು ತಾಸು ತಿರುಗಿದರೆ ಮುಕ್ಕಾಲು ಯುನಿಟ್. ಹೊಸ ಬಿಎಲ್‌ಡಿಸಿ ಫ್ಯಾನಾದರೆ ಅದರ ಅರ್ಧಕ್ಕಿಂತ ಕಡಿಮೆ.

ನಡುನಡುವೆ ಒಂದು ತಾಸು ಬಿಸಿಲು ಬಿದ್ದಾಗ ಪಕ್ಕದ ಮನೆಯವರು ಕೂಗಿ ಹೇಳುತ್ತಾರೆ: "ಅಕ್ಕಾರ, ಬಿಸಲ ಬಿತ್ರಿ, ಅರಿವಿ ಮ್ಯಾಲ ಹಾಕ್ರಿ!" ಹಿಂದು ಮುಂದು ನೋಡದೆ ಹಾಕಿ. ನೀವು ಆಫೀಸಿನಲ್ಲಿದ್ದರೆ ಮಳೆ ಬಂದಾಗ ತೆಗೆದಿಡುವವರೂ ಅವರೇ. ಹೊಸ ಓಣಿಯಲ್ಲಿ ಪರಿಚಯ ಬೆಳೆಯುವುದು ಹೆಚ್ಚಾಗಿ ಹೀಗೇ, ನಮ್ಮ ಸಂಘದ ಸಭೆಗಿಂತ ಬೇಗ.

ಮುಗ್ಗಲು ವಾಸನೆ

ಬಟ್ಟೆ ತಾಸುಗಟ್ಟಲೆ ಅರೆಹಸಿ ಇದ್ದರೆ ಬ್ಯಾಕ್ಟೀರಿಯಾ ಬೆಳೆಯುತ್ತವೆ, ವಾಸನೆ ಬರುವುದು ಅದರಿಂದ. ಜಪಾನಿನ ಸಂಶೋಧಕರು 2012ರಲ್ಲಿ ಇದಕ್ಕೆ ಮೊರಾಕ್ಸೆಲ್ಲಾ ಓಸ್ಲೊಯೆನ್ಸಿಸ್ ಎಂಬುದು ಮುಖ್ಯ ಕಾರಣ ಎಂದು ತೋರಿಸಿದರು. ಒಣಗಿದರೂ ಅದು ಸಾಯುವುದಿಲ್ಲ. ಅದಕ್ಕೇ ಬೆಳಿಗ್ಗೆ ಸರಿಯಾಗಿದ್ದ ಟಾವೆಲ್ ಮೈ ಒರೆಸಿದ ಕೂಡಲೇ ಮತ್ತೆ ನಾರುತ್ತದೆ. ಸುವಾಸನೆಯ ಲಿಕ್ವಿಡ್ ಸುರಿದರೆ ವಾಸನೆ ಮುಚ್ಚುತ್ತದೆ, ಹೋಗುವುದಿಲ್ಲ. ಹತ್ತಿಯ ಟಾವೆಲ್, ಬನಿಯನ್ನುಗಳನ್ನು ಚೆನ್ನಾಗಿ ಕಾದ ನೀರಿನಲ್ಲಿ ಅರ್ಧ ತಾಸು ನೆನೆಸಿ ಒಗೆಯಿರಿ. ಒಗೆದದ್ದನ್ನು ಮಷಿನ್ನಿನಲ್ಲೇ ರಾತ್ರಿಯಿಡೀ ಬಿಡಬೇಡಿ. ಕೊನೆಯ ತೇವ ಹೋಗಲು ಇಸ್ತ್ರಿ ಸಾಕು, ಆದರೆ ಇಸ್ತ್ರಿ ಮಾಡಿದ ಬಿಸಿಯಲ್ಲೇ ಮಡಚಿ ಟ್ರೆಜರಿಯೊಳಗೆ (ಬಟ್ಟೆಯ ಕಪಾಟಿಗೆ) ತುರುಕಬೇಡಿ.

ಗೋಡೆಗೆ ಬೂಸರು ಬಂದರೆ ಬ್ಲೀಚಿಂಗ್ ಪೌಡರ್ ನೀರಿನಿಂದ ಒರೆಸಬಹುದು, ಕಿಟಕಿ ತೆರೆದಿಟ್ಟು. ಅದರ ಜೊತೆ ಆ್ಯಸಿಡ್, ಟಾಯ್ಲೆಟ್ ಕ್ಲೀನರ್, ವಿನೆಗರ್ ಯಾವುದನ್ನೂ ಬೆರೆಸಬಾರದು. ಕ್ಲೋರಿನ್ ವಿಷಗಾಳಿ ಏಳುತ್ತದೆ. ದಮ್ಮು ಇರುವವರು, ಕೂಸು ಮಲಗುವ ಕೋಣೆಯಲ್ಲಿ ಬಟ್ಟೆ ಒಣಹಾಕುವುದೇ ಬೇಡ.

ಬಾಣಂತಿ ಮನೆಗಳಲ್ಲಿ ಅಗ್ಗಿಷ್ಟಿಗೆಯ ಮೇಲೆ ಬುಟ್ಟಿ ಬೋರಲು ಹಾಕಿ ಲಂಗೋಟಿ, ಕುಂಚಿಗೆ ಕಾಯಿಸುವ ರೂಢಿ ಇನ್ನೂ ಇದೆ. ಹಂಚಿನ ಮನೆಯಲ್ಲಿ ನಡೆದುಹೋಯಿತು. ಅಪಾರ್ಟ್‌ಮೆಂಟಿನ ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ಕಾರ್ಬನ್ ಮೊನಾಕ್ಸೈಡ್ ಸೇರಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಹಿರಿಯರು ಬೇಸರ ಮಾಡಿಕೊಂಡರೂ ಸರಿ, ಈ ಒಂದು ವಿಷಯದಲ್ಲಿ ಸೋಲಬೇಡಿ. ಕೂಸಿನ ಬಟ್ಟೆಗೆ ಇಸ್ತ್ರಿ ಹಾಕಿಕೊಡಿ. ಗ್ಯಾಸ್ ಒಲೆಯ ಮೇಲೆ ಹಗ್ಗ ಕಟ್ಟುವುದು, ಕಾಯಿಲ್ ಹೀಟರ್ ಮೇಲೆ ಬಟ್ಟೆ ಹೊದಿಸುವುದು ಕೂಡ ಬೇಡ.

ಕೌದಿ

ಮಳೆಗಾಲದಲ್ಲಿ ಕೌದಿ ಒಗೆಯಬೇಡಿ. ಹಳೇ ಸೀರೆ, ಧೋತರದ ಪದರಗಳು ಒಂದರ ಮೇಲೊಂದು ಹೊಲಿದದ್ದು. ಒಳಪದರ ಹಸಿ ಉಳಿದರೆ ನಡುವೆಯೇ ಬೂಸರು ಹಿಡಿದು ದಾರ ಕೊಳೆಯುತ್ತದೆ. ರೋಹಿಣಿ ಮಳೆಗೆ ಮುಂಚೆ ಒಮ್ಮೆ, ಮಹಾನವಮಿಯ ಸ್ವಚ್ಛತೆಯಲ್ಲಿ ಒಮ್ಮೆ ಒಗೆದರೆ ಸಾಕು. ನಡುವೆ ಕೂಸು ಒದ್ದೆ ಮಾಡಿದರೆ ಆ ಜಾಗವನ್ನಷ್ಟೇ ಬೋಗುಣಿಯ ಅಂಚಿಗೆ ಹಿಡಿದು ಸೋಪು ಹಚ್ಚಿ ತೊಳೆಯಿರಿ, ಒಣ ಟಾವೆಲ್ ಒತ್ತಿ ನೀರು ಹೀರಿಸಿ, ಎರಡು ಕುರ್ಚಿಗಳ ಬೆನ್ನಿನ ಮೇಲೆ ಆ ಭಾಗಕ್ಕೆ ಎರಡೂ ಕಡೆಯಿಂದ ಗಾಳಿ ತಾಗುವಂತೆ ಹರವಿ ಟೇಬಲ್ ಫ್ಯಾನು ಹಚ್ಚಿ. ಕೂಸಿನ ಕೆಳಗೆ ರಬ್ಬರ್ ಶೀಟ್ ಹಾಸಿದರೆ ಅದೂ ತಪ್ಪುತ್ತದೆ.