ಉದ್ದ ನಾರು, ಗಂಟಿಲ್ಲದ ಹಾಳೆ: ತೊಟ್ಟಿಗೆ ಪಾಲಿಮರ್ ಹಾಕಿದ ನನ್ನ ಅನುಭವ

ಕೈಕಾಗದ ಮಾಡುವಾಗ ತೊಟ್ಟಿಯಲ್ಲಿ ಉದ್ದ ನಾರಿನ ಪಲ್ಪ್ (ನೀರಿನಲ್ಲಿ ಕಲಸಿದ ನಾರು) ಗಂಟು ಕಟ್ಟಿದರೆ ನೀರು ಹೆಚ್ಚಿಸು, ಇಲ್ಲವೇ ಬೀಟರ್‌ನಲ್ಲಿ ಇನ್ನಷ್ಟು ಅರೆ ಎನ್ನುತ್ತಾರೆ. ಪಾಲಿಮರ್ (ಉದ್ದ ಸರಪಳಿಯಂಥ ಅಣುಗಳ ಲೋಳೆ ಪದಾರ್ಥ) ಹಾಕಿದರೆ ಗಂಟು ಹೆಚ್ಚುತ್ತದಷ್ಟೇ ಎಂದು ನಕ್ಕವರೂ ಇದ್ದರು. ಅವರ ಮಾತು ಅರ್ಧ ಸರಿ.

ಬರೀ ನೀರಿನ ದಾರಿ ದುಬಾರಿ. ನಾರು 2.5 ಮಿಮೀ ಉದ್ದ, ಮೀಟರಿಗೆ 0.2 ಮಿಗ್ರಾಂ ತೂಕ ಇದ್ದರೆ 0.5% ಪಲ್ಪ್‌ನಲ್ಲಿ ಕ್ರೌಡಿಂಗ್ ನಂಬರ್ (ನಾರುಗಳ ಇಕ್ಕಟ್ಟಿನ ಅಳತೆ) 78 ಆಸುಪಾಸು. 60 ದಾಟಿದರೆ ನಾರುಗಳು ಹೆಣೆದುಕೊಂಡು ಬಲೆಯಾಗುತ್ತವೆ. ನಾರುಗಳು ಬಿಡಿಬಿಡಿಯಾಗಿ ಓಡಾಡುವ 16ಕ್ಕೆ ಇಳಿಸಲು 0.1% ಮಾಡಬೇಕು, ಅಂದರೆ ಐದು ಪಟ್ಟು ನೀರು, ಅದಕ್ಕೆ ತಕ್ಕ ತೊಟ್ಟಿ.

ಮೊದಲು ಹಾಕಿದ್ದು ಕ್ಯಾಟಯಾನಿಕ್, ಅಂದರೆ ಧನ ಆವೇಶದ ಪಾಲಿಅಕ್ರಿಲಮೈಡ್. ಋಣ ಆವೇಶದ ನಾರಿಗೆ ಅದು ಅಂಟಿ, ಒಂದರಿಂದ ಇನ್ನೊಂದಕ್ಕೆ ಸೇತುವೆ ಕಟ್ಟಿ, ಇಡೀ ತೊಟ್ಟಿ ಒಡೆದ ಹಾಲಿನಂತಾಯಿತು. ಆ ನಾರಿನ ದುಡ್ಡು ಹೋಯಿತು. ಆಮೇಲೆ ಅದರದೇ ಆನಯಾನಿಕ್, ಅಂದರೆ ಋಣ ಆವೇಶದ ಬಗೆ: ಮೃದು ನೀರಿನಲ್ಲಿ ಚೆನ್ನ, ಗಡಸು ನೀರಿನಲ್ಲಿ ಕ್ಯಾಲ್ಸಿಯಂ ತಗುಲಿ ಸರಪಳಿ ಮುದುಡಿ ಲೋಳೆತನವೇ ಹೋಗುತ್ತದೆ. ಹಳೆ ಪಲ್ಪ್‌ನಲ್ಲಿ ಆಲಂ ಎಂಬ ಅಲ್ಯೂಮಿನಿಯಂ ಲವಣ ಉಳಿದಿದ್ದರಂತೂ ಕೆಲಸ ಕೆಟ್ಟಿತು.

ಕೊನೆಗೆ ಕೈಹಿಡಿದದ್ದು ಪಾಲಿಎಥಿಲೀನ್ ಆಕ್ಸೈಡ್. ಅದಕ್ಕೆ ಆವೇಶವಿಲ್ಲ, ಗಡಸು ನೀರಿನ ಭಯವೂ ಅಷ್ಟಿಲ್ಲ. ಲೀಟರ್ ನೀರಿಗೆ 2 ಗ್ರಾಂ ಪುಡಿಯ ದ್ರಾವಣ. 60 ಗ್ರಾಂ ಒಣ ನಾರಿರುವ 20 ಲೀಟರ್ ತೊಟ್ಟಿಗೆ ಅದರಲ್ಲಿ 400 ಮಿಲಿ ಹತ್ತಿರ. ನಾರು ಜಾರುತ್ತದೆ, ಸುಳಿ ತಣಿಯುತ್ತದೆ, ತಳಕ್ಕೆ ಇಳಿಯುವುದೂ ನಿಧಾನ. ಕೆ.ಜಿ. ಬೆಲೆ ಕೇಳಿದರೆ ಎದೆ ಝಲ್ ಎನ್ನುತ್ತದೆ; ತೊಟ್ಟಿಗೆ ಹೋಗುವುದು ಒಂದು ಗ್ರಾಮೂ ಇಲ್ಲ. ಮಿಕ್ಸರ್ ಮಾತ್ರ ಬೇಡ, ಸರಪಳಿ ತುಂಡಾಗಿ ದ್ರಾವಣ ಬರೀ ನೀರಾಗುತ್ತದೆ. ಕೋಲಿನಿಂದ ಮೆಲ್ಲಗೆ ತಿರುವಿ ರಾತ್ರಿಯಿಡೀ ನೆನೆಯಬಿಡಿ. ಪುಡಿ ಮೀನುಕಣ್ಣಿನಂತೆ ಗಂಟಾಗದಿರಲು ನನ್ನದೊಂದು ಉಪಾಯವಿದೆ, ಅದು ನನ್ನಲ್ಲೇ ಇರಲಿ.

ನಡುವೆ ಸಿಎಂಸಿಯನ್ನೂ (ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, ಸೆಲ್ಯುಲೋಸ್‌ನಿಂದ ಮಾಡಿದ ಲೋಳೆ ಪದಾರ್ಥ) ನೋಡಿದೆ. ತಣ್ಣೀರಿನಲ್ಲಿ ನಾರಿಗೆ ಹತ್ತಲೇ ಇಲ್ಲ. ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸಿ ಬಿಸಿಯಲ್ಲಿ ಎರಡು ಗಂಟೆ ಇಟ್ಟಾಗ ಹತ್ತಿತು. ಗಂಟೂ ಕಡಿಮೆ, ಹಾಳೆಯೂ ಗಟ್ಟಿ. ಉರುವಲಿನ ಖರ್ಚು ಲಾಭವನ್ನೆಲ್ಲ ನುಂಗಿತು. ಜಪಾನಿನ ಕಾಗದದವರು ಬೆಂಡೆಯ ಬಳಗದ ಗಿಡದ ಬೇರಿನ ಲೋಳೆ ಬಳಸುವುದು ಇದೇ ಕೆಲಸಕ್ಕೆ. ಬೆಂಡೆ ಲೋಳೆಯನ್ನೂ ಹಾಕಿ ನೋಡಿದೆ: ಹಾಳೆ ಸೊಗಸು, ಆದರೆ ಎರಡೇ ದಿನಕ್ಕೆ ನಾರಿತು.

ಒಂದು ತೊಂದರೆ ಉಳಿದೇ ಇದೆ. ಜರಡಿಯಲ್ಲಿ ನೀರು ಬಸಿಯಲು ಸುಮಾರು ಎರಡರಷ್ಟು ಹೊತ್ತು ಬೇಕು. ಅವಸರಕ್ಕೆ ಅಲುಗಿಸಿದರೆ ಹಾಳೆಯ ಅಂಚು ಮಡಚುತ್ತದೆ. ತೊಟ್ಟಿಯ ಲೋಳೆ ಮರುದಿನಕ್ಕೆ ಸಡಿಲವಾಗಿರುತ್ತದೆ, ಬೆಳಿಗ್ಗೆ ಮತ್ತೆ 100 ಮಿಲಿ ಸುರಿಯುತ್ತೇನೆ.